ಕಾರ್ಪೆಟ್ ಕೆಳಗಿನ ಪುದೀನ

ಗಿಡದಮ್ಮನ ಕೈಗುಣದ ಮಾತು ಬಂದರೆ ಆ ಬೀದಿಯಲ್ಲಿ ಎದುರಾಡುವವರಿರಲಿಲ್ಲ. ಒಣಕಡ್ಡಿ ನೆಟ್ಟರೂ ಅವಳ ಕೈಯಲ್ಲಿ ಚಿಗುರುತ್ತದೆ ಅನ್ನುತ್ತಿದ್ದರು. ಅವಳೂ ಅದನ್ನು ನಂಬಿದ್ದಳು, ಸ್ವಲ್ಪ ಹೆಚ್ಚಾಗಿಯೇ ನಂಬಿದ್ದಳು. ಮನೆ ಹಿಂದಿನ ಅಂಗೈಯಗಲ ಜಾಗದಲ್ಲಿ ಸಸಿ ಬೆಳೆಸಿ ಶನಿವಾರದ ಸಂತೆಯಲ್ಲಿ ಮಾರುವುದು ಅವಳ ಕಸುಬು. ಆ ಹೆಸರು ಬಂದದ್ದೂ ಅದರಿಂದಲೇ. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರೆಯುವವರು ಈಗ ಯಾರೂ ಇರಲಿಲ್ಲ.

ಸಂತೆಗೆ ಹೋಗುವುದು ಮನೆಯ ಹಳೇ ಕಾರಿನಲ್ಲಿ. ಮಗನಿಗೆ ಮೀಸೆ ಮೂಡುವ ಮುಂಚೆ ಕೊಂಡ ಕಾರು. ಓಡಿಸುವವರು ಯಜಮಾನರು, ಅಂದರೆ ಅವಳ ಗಂಡ, ಬಸ್ ಡ್ರೈವರಾಗಿದ್ದು ನಿವೃತ್ತರಾದವರು. ಹಿಂದೆ ದೊಡ್ಡ ಕುಂಡಗಳು, ಮುಂದೆ ಡ್ರೈವರ್ ಪಕ್ಕದ ಸೀಟಿನಲ್ಲಿ ಗಿಡದಮ್ಮ, ಅವಳ ಕಾಲ ಬುಡದಲ್ಲಿ ಪುದೀನದಂಥ ಎಳೆ ಸಸಿಗಳ ತಟ್ಟೆಗಳು. ಮಾರಾಟವಾಗದೆ ಉಳಿದ ಸಸಿಗಳು ದಿನವಿಡೀ ಬಿಸಿಲುಂಡು ತಲೆ ಜೋತುಹಾಕಿಕೊಂಡು ವಾಪಸ್ ಬರುತ್ತಿದ್ದವು. ಸಂಜೆ ಕಾರು ಮನೆ ಮುಂದೆ ನಿಂತ ಕೂಡಲೇ ಅವಳು ಒಂದು ಬಕೆಟ್ ನೀರು ತಂದು ಕಾರಿನೊಳಗೇ ಅವಕ್ಕೆ ಹೊಟ್ಟೆ ತುಂಬ ಕುಡಿಸುತ್ತಿದ್ದಳು. "ದಣಿದು ಬಂದಿವೆ ಮಕ್ಕಳು, ಇವತ್ತು ಅಲ್ಲೇ ಮಲಗಲಿ" ಎಂದು ಬಾಗಿಲು ಹಾಕಿ ಒಳಗೆ ಹೋಗಿ ಕಾಲು ಚಾಚುತ್ತಿದ್ದಳು. ಕಾರು ಹೊಲಸಾಗಬಾರದೆಂದು ಕೆಳಗೊಂದು ರಬ್ಬರ್ ಚಾಪೆ ಹಾಸಿದ್ದಳು. ಎಷ್ಟು ಅಚ್ಚುಕಟ್ಟು ನೋಡಿ ಎಂದು ಕಂಡವರಿಗೆಲ್ಲ ತೋರಿಸಿದ್ದೂ ಉಂಟು.

ಭಾನುವಾರ ಬೆಳಗ್ಗೆ ಆ ತಟ್ಟೆಗಳನ್ನು ಇಳಿಸಿ ಮೆಟ್ಟಿಲ ಮೇಲಿಡುವುದು ಸೊಸೆಯ ಕೆಲಸ. ಯಾಕೆಂದರೆ ಎಲ್ಲರಿಗಿಂತ ಮೊದಲು ಕಾರು ಬೇಕಾಗುತ್ತಿದ್ದುದು ಅವಳಿಗೆ. ಅವಳು ನರ್ಸು. ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಆರೈಕೆ ಮಾಡುವ ಕೆಲಸ ಸಿಕ್ಕಿ ವರ್ಷವಾಗುತ್ತ ಬಂದಿತ್ತು. ಮನೆಗಳೆಲ್ಲ ಹೊಳೆಯಾಚೆ, ಗುಡ್ಡದ ಮೇಲೆ. ಅಷ್ಟು ಬೆಳಗ್ಗೆ ಆ ಕಡೆ ಬಸ್ಸಿಲ್ಲ.

ಜಗಳ ಶುರುವಾದದ್ದು ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಕೂತಾಗ.

"ಇವತ್ತೂ ಸೇತುವೆ ಮೇಲೆ ನಿಂತುಹೋಯ್ತು," ಅಂದಳು ಸೊಸೆ. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. "ಕೆಮ್ಮಲ್ಲ, ಎಳೆಯಲ್ಲ. ದೀಪ ಆರಿಸಿದ ಹಾಗೆ ಆಫ್ ಆಗುತ್ತೆ. ಅರ್ಧ ಗಂಟೆ ಬಿಟ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ."

"ಬುಧವಾರ ನಾನು ಊರಾಚೆ ತನಕ ಓಡಿಸ್ಕೊಂಡು ಬಂದ್ನಲ್ಲಮ್ಮ," ಅಂದರು ಯಜಮಾನರು. "ಬೆಣ್ಣೆ ಬೆಣ್ಣೆ."

"ನಿಮ್ಮ ಕೈಲಿ ಯಾವತ್ತೂ ನಿಲ್ಲಲ್ಲ ಮಾವ. ಅದೇ ನನಗೂ ಅರ್ಥ ಆಗ್ತಿಲ್ಲ."

ಗಿಡದಮ್ಮ ಮೀನಿನ ಮುಳ್ಳು ಬಿಡಿಸಿ ಮೊಮ್ಮಗಳ ತಟ್ಟೆಗೆ ಹಾಕುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಅಮ್ಮಾ," ಅಂದ ಮಗ. ಬ್ರೆಡ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದ, ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು. ಅಷ್ಟು ಹೇಳಿ ಸುಮ್ಮನಾದ. ಈ ಮನೆಯಲ್ಲಿ ಅವನದು ಯಾವಾಗಲೂ ಅತ್ತ ದರಿ ಇತ್ತ ಪುಲಿ.

"ನನ್ನ ಡ್ರೈವಿಂಗ್ ಬಗ್ಗೆ ಏನಾದ್ರೂ ಅನ್ನಿ ಅತ್ತೆ," ಸೊಸೆ ಹೇಳಿದಳು. "ಆದ್ರೆ ಇವತ್ತು ನಾನು ಹೋಗೋದ್ರೊಳಗೆ ಗುಡ್ಡದ ಮೇಲೆ ನಾನು ನೋಡ್ಕೊಳ್ಳೋ ಆ ತಾತ ಎದ್ದು ನಡೆಯೋಕೆ ಹೋಗಿ ಬಿದ್ದುಬಿಟ್ಟಿದ್ರು. ಅವರ ಮಗಳು ಕೆಲಸಕ್ಕೆ ಹೋಗಿ ಆಗಿತ್ತು. ಒದ್ದೆ ಬಟ್ಟೇಲಿ, ತಣ್ಣನೆ ನೆಲದ ಮೇಲೆ ಎಷ್ಟು ಹೊತ್ತು ಬಿದ್ದಿದ್ರೋ. ಮೂಳೆ ಮುರಿದಿಲ್ಲ ಅನ್ನೋದೇ ಪುಣ್ಯ. ಇನ್ನೊಂದು ಸಲ ಹೀಗಾದ್ರೆ ಬೇರೆ ನರ್ಸ್ ಕೇಳ್ತೀನಿ ಅಂತ ಮಗಳು ಫೋನ್ ಮಾಡಿದ್ಲು."

ಇಲ್ಲಿಗೆ ಗಿಡದಮ್ಮ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಅವಳ ಬಾಯಿ ಮಾತ್ರ ಅವಳ ತೋಟದ ಹಾಗೆ, ಹಾಕಿದ್ದಕ್ಕಿಂತ ಹೆಚ್ಚು ಬೆಳೆಯುತ್ತದೆ. "ನೆಟ್ಟಗೆ ಹೇಳಿಬಿಡು," ಅಂದಳು. "ಎದ್ದಿದ್ದು ತಡ ಆಯ್ತು ಅಂತ ಹೇಳು. ಮನುಷ್ಯರಿಗೆ ನಿದ್ದೆ ಬರುತ್ತೆ, ತಪ್ಪೇನಿಲ್ಲ. ಅದನ್ನ ಬಿಟ್ಟು ಬಾಯಿಲ್ಲದ ಕಾರಿನ ಮೇಲೆ ಯಾಕೆ ಹಾಕ್ತೀಯ?"

ಸೊಸೆ ಎದ್ದು ತಟ್ಟೆ ತೊಳೆದಿಟ್ಟಳು, ಕೈ ಒರೆಸಿಕೊಂಡಳು. ಕೂಗಾಡಲಿಲ್ಲ. "ನಮ್ಮ ಆಫೀಸಿನ ಹತ್ತಿರ ಒಂದು ರೂಮು ಖಾಲಿ ಇದೆಯಂತೆ," ಅಂದಳು. "ಬರೋ ತಿಂಗಳು ನಾನೂ ಮಗೂನೂ ಅಲ್ಲಿಗೆ ಹೋಗ್ತೀವಿ. ಇವರು ಬರೋದಾದ್ರೆ ಬರ್ಲಿ. ಸುಳ್ಳಿ ಅನ್ನಿಸ್ಕೊಂಡು ಒಂದೇ ಮನೇಲಿ ಉಣ್ಣೋಕೆ ನನ್ನಿಂದ ಆಗಲ್ಲ."

ಮೊಮ್ಮಗಳು ಎಲ್ಲರ ಮುಖ ನೋಡಿ, "ಅಜ್ಜಿ ಎಲ್ಲಿ ಮಲಗೋದು?" ಎಂದು ಕೇಳಿತು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಯಿತು, ಮಾತು ಕಡಿಮೆಯಾಯಿತು. ಸೊಸೆ ತನ್ನ ಪಾಲಿನ ಕೆಲಸ ಎಲ್ಲ ಮಾಡುತ್ತಿದ್ದಳು. ಗುಡಿಸುತ್ತಿದ್ದಳು, ಬೇಳೆ ಬೇಯಿಸುತ್ತಿದ್ದಳು, ಅತ್ತೆಯ ರಕ್ತದೊತ್ತಡದ ಮಾತ್ರೆಯನ್ನು ಸಹ ಮರೆಯದೆ ನೀರಿನ ಲೋಟದ ಪಕ್ಕ ಇಡುತ್ತಿದ್ದಳು. ಆದರೆ ಸಂಜೆ ಬಂದು ಒಲೆ ಕಟ್ಟೆಗೆ ಒರಗಿ ನಿಂತು ಅವತ್ತಿನ ಮನೆಗಳ ಕಥೆ ಹೇಳುತ್ತಿದ್ದಳಲ್ಲ, ಅದು ನಿಂತುಹೋಯಿತು. ಯಾವ ಅಜ್ಜಿ ಸೂಜಿ ಕಂಡರೆ ಹಾಡು ಹೇಳುತ್ತಾಳೆ, ಯಾವ ತಾತ ಹಲ್ಲಿನ ಸೆಟ್ಟು ಬಚ್ಚಿಡುತ್ತಾನೆ ಎಂಬುದೆಲ್ಲ ಇಲ್ಲದೆ ಗಿಡದಮ್ಮನಿಗೆ ಸಂಜೆಯೇ ರುಚಿಸದಾಯಿತು. ಹಾಗಂತ ಹೇಳುವುದುಂಟೇ? ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ಅವಳದು, ಮೀಸೆ ಇಲ್ಲ ಅಷ್ಟೇ.

ಯಜಮಾನರು ಮಾತಿನ ಬದಲು ಸ್ಪ್ಯಾನರ್ ಹಿಡಿದರು. ಸೊಸೆಯ ಮಾತನ್ನು ಅವರು ಪೂರ್ತಿ ನಂಬಿರಲಿಲ್ಲ, ಪೂರ್ತಿ ಅಲ್ಲಗಳೆದೂ ಇರಲಿಲ್ಲ. ಪ್ಲಗ್ಗು ಬದಲಾಯಿಸಿದರು. ಫಿಲ್ಟರ್ ಬದಲಾಯಿಸಿದರು. ಪೆಟ್ರೋಲ್ ಪಂಪನ್ನು ಬಿಚ್ಚಿ ಹಾಕಿದರು. ಪ್ರತಿ ಸಲವೂ "ಇದೇ ನೋಡು ಕಳ್ಳ" ಅನ್ನುತ್ತಿದ್ದರು. ಪ್ರತಿ ಸಲವೂ ಮುಂದಿನ ಭಾನುವಾರವೋ ಸೋಮವಾರವೋ ಸೊಸೆ ಎಲ್ಲೋ ರಸ್ತೆ ಪಕ್ಕ ನಿಂತು ಗಂಡನಿಗೆ ಫೋನ್ ಮಾಡುತ್ತಿದ್ದಳು. ನಿಂತರೂ ತಡವಾಗದಿರಲೆಂದು ಅವಳು ಎಲ್ಲರಿಗಿಂತ ಬಹಳ ಮುಂಚೆ ಎದ್ದು ಹೊರಡುವುದನ್ನು ರೂಢಿ ಮಾಡಿಕೊಂಡಳು. ಆಮೇಲೆ ಒಂದು ಸೋಮವಾರ ಕಾರು ಸ್ಟಾರ್ಟೇ ಆಗಲಿಲ್ಲ. ಯಜಮಾನರೇ ಕೂತು ಕೀ ತಿರುಗಿಸಿದರು. ಕಾರು ಅವರಿಗೂ ಮರ್ಯಾದೆ ಕೊಡಲಿಲ್ಲ. ಸೊಸೆ ಸಹೋದ್ಯೋಗಿಯ ಸ್ಕೂಟರಿನ ಹಿಂದೆ ಕೂತು ಹೋದಳು.

ಆಗ ವೈರಣ್ಣನನ್ನು ಕರೆಸಿದ್ದು. ಅವನ ಹೆಸರು ಏನಿತ್ತೋ ಏನೋ, ಕಾರುಗಳ ವೈರಿಂಗ್ ಕೆಲಸ ಹಿಡಿದ ಮೇಲೆ ಎಲ್ಲರೂ ವೈರಣ್ಣ ಅಂದರು, ಅವನೂ ಓಗೊಟ್ಟ. ಸೊಸೆ ಮಧ್ಯಾಹ್ನ ಮನೆಗೆ ಬರುವ ಹೊತ್ತಿಗೆ ಅವನು ಅಂಗೈಯಗಲದ ಸ್ಕ್ಯಾನರನ್ನು ಸ್ಟೇರಿಂಗ್ ಕೆಳಗೆ ಸಿಕ್ಕಿಸಿ ಅದರ ಮುಖ ನೋಡುತ್ತ ಕೂತಿದ್ದ.

"ಏನಂತೆ?" ಎಂದು ಕೇಳಿದರು ಯಜಮಾನರು.

"ಏನೂ ಅಂತಿಲ್ಲ ಸಾರ್. ಅದೇ ರೋಗ. ಕಾರಿನ ಕಂಪ್ಯೂಟರ್ ಮಾತೇ ಆಡ್ತಿಲ್ಲ."

"ನಮ್ಮನೇಲೂ ಒಂದಿಬ್ಬರು ಹಾಗೇ ಇದ್ದಾರೆ," ಅಂದರು ಯಜಮಾನರು, ಹೆಂಡತಿಯ ಕಣ್ಣು ಕಂಡು ಬಾನೆಟ್ಟಿನ ಕಡೆ ತಿರುಗಿದರು.

"ಇಷ್ಟು ಹಳೇ ಕಾರಲ್ಲಿ ಕಂಪ್ಯೂಟರಾ?" ಗಿಡದಮ್ಮನಿಗೆ ನಂಬಿಕೆ ಬರಲಿಲ್ಲ. "ಟೀವಿನೇ ಇಲ್ವಲ್ಲಪ್ಪ ಇದರಲ್ಲಿ."

"ಟೀವಿ ಬೇಡ ಅಮ್ಮ ಅದಕ್ಕೆ. ಒಂದು ಡಬ್ಬಿ, ಅಷ್ಟೇ. ಎಷ್ಟು ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಹಾರಿಸಬೇಕು, ಎಲ್ಲಾ ಅದೇ ಹೇಳೋದು. ಕಾರು ಸುಮ್ನೆ ನಿಂತು ಗುರುಗುಟ್ಟುವಾಗಲೂ ನಿಮಿಷಕ್ಕೆ ಸಾವಿರದ ಮೇಲೆ ಕಿಡಿ ಹಾರುತ್ತೆ. ಒಂದೊಂದಕ್ಕೂ ಅದರ ಅಪ್ಪಣೆ ಬೇಕು."

"ನಾನು ಓಡಿಸಿದ ಬಸ್ಸಲ್ಲಿ ಕಂಪ್ಯೂಟರ್ ಇರ್ಲಿಲ್ಲ," ಅಂದರು ಯಜಮಾನರು. "ಕಂಡಕ್ಟರ್ ಇದ್ದ. ಸಾಕಾಗಿತ್ತು."

ಗಿಡದಮ್ಮ ಮಾತ್ರ ಸಾವಿರದ ಲೆಕ್ಕದಲ್ಲೇ ಉಳಿದಿದ್ದಳು. ಒಂದು ಸಂತೆಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಕಿಡಿ? ಇಷ್ಟು ವರ್ಷದ ಸಂತೆಗಳಿಗೆಲ್ಲ ಸೇರಿ? ಒಮ್ಮೆಯೂ ತಪ್ಪದೆ ಯಾರೋ ಎಣಿಸುತ್ತ ಕೂತಿದ್ದರು ಅನ್ನುವುದೇ ಅವಳ ಮೈ ಜುಮ್ಮೆನ್ನಿಸಿತು. "ಎಲ್ಲಿದೆಯಪ್ಪ ಅದು?" ಎಂದು ಕೇಳಿದಳು.

"ನೀವು ಕಾಲಿಟ್ಕೊಂಡು ಕೂತ್ಕೋತೀರಲ್ಲ, ಅದರ ಕೆಳಗೆ."

ವೈರಣ್ಣ ರಬ್ಬರ್ ಚಾಪೆ ಎತ್ತಿದ. ಕೆಳಗಿನ ಕಾರ್ಪೆಟ್ ಅಂಚು ಹಿಡಿದು ಎಳೆದ. ಬರಲಿಲ್ಲ. ಕಾಲು ಊರಿ ಜೋರಾಗಿ ಎಳೆದಾಗ ಹಳೇ ಬಟ್ಟೆ ಹರಿದಂತೆ ಸದ್ದಾಗಿ ಅದು ಎದ್ದು ಬಂತು. ಅದರ ಜೊತೆಗೇ ಒಂದು ಪರಿಮಳ ಬಂತು. ಕೊಳೆತ ವಾಸನೆಯಲ್ಲ. ಆಗತಾನೆ ಅಂಗೈಯಲ್ಲಿ ಉಜ್ಜಿದ ಪುದೀನದ ಪರಿಮಳ, ಇಡೀ ಅಂಗಳಕ್ಕೆ.

ಎಲ್ಲರೂ ಬಗ್ಗಿ ನೋಡಿದರು. ಕಾರ್ಪೆಟ್ ಕೆಳಗೆ, ಬೆಳಕು ಗಾಳಿ ಎರಡೂ ಇಲ್ಲದ ಕಡೆ, ಪುದೀನ ಬೆಳೆದಿತ್ತು. ಹಸಿರು ಒಂದು ಚುಕ್ಕೆಯೂ ಇಲ್ಲ, ಎಲ್ಲಾ ಹಾಲು ಬಿಳುಪು. ನೂಲಿನಂಥ ಬಳ್ಳಿಗಳು ನೆಲದ ತಗಡಿನ ಉದ್ದಗಲ ಹರಿದಿದ್ದವು, ಗೆಣ್ಣುಗೆಣ್ಣಿಗೂ ಎರಡೆರಡು ಎಲೆ, ಅಕ್ಕಿಕಾಳಿನಷ್ಟು. ಬೇರು ಕಂಬಳಿಯ ಹಾಗೆ ಹೆಣೆದುಕೊಂಡು ಒಂದು ಲೋಹದ ಮುಚ್ಚಳವನ್ನು ಮುಚ್ಚಿಬಿಟ್ಟಿತ್ತು. ಅದರಲ್ಲೊಂದು ಎಳೆ ವೈರು ಹೋಗುವ ರಬ್ಬರ್ ತೂತು ಹುಡುಕಿಕೊಂಡು ಒಳಕ್ಕೆ ನುಗ್ಗಿತ್ತು.

"ನನ್ನ ಪುದೀನ," ಅಂದಳು ಗಿಡದಮ್ಮ. ತಡೆಯುವಷ್ಟರಲ್ಲಿ ಬಾಯಿಂದ ಬಂದಾಗಿತ್ತು.

"ಏ ಇವಳೇ, ಕಾರಲ್ಲೂ ತೋಟ ಮಾಡಿದ್ಯಲ್ಲೇ!" ಯಜಮಾನರು ನಕ್ಕರು. ಮಗ ಮೂಗಿನ ಮೇಲೆ ಬೆರಳಿಟ್ಟುಕೊಂಡ. ಮೊಮ್ಮಗಳು, "ಇದು ಏನು ತಿಂದು ಬೆಳೀತು ಅಜ್ಜಿ?" ಎಂದಿತು.

ವೈರಣ್ಣ ಬೇರು ಕತ್ತರಿಸಿ, ಮುಚ್ಚಳ ಬಿಚ್ಚಿ, ಪುಸ್ತಕದಷ್ಟು ದಪ್ಪದ ಒಂದು ಡಬ್ಬಿಯನ್ನು ಹೊರಗೆ ತೆಗೆದ. ಬಾನೆಟ್ಟಿನ ಮೇಲಿಟ್ಟು ಅದನ್ನೂ ಬಿಚ್ಚಿದ. ಒಳಗೆ ಹಸಿರು ಕಿಲುಬು, ಬಿಳಿ ಉಪ್ಪು. ಸೂಜಿಯಂಥ ಪಿನ್ನುಗಳ ಸಾಲಿನಲ್ಲಿ ಕೆಲವು ಕರಗಿ ಮೊಂಡಾಗಿದ್ದವು. ಬೇರು ಅವುಗಳ ಸಂದಿಯಲ್ಲೆಲ್ಲ ಕೈಯಾಡಿಸಿತ್ತು. ವೈರಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ಹೋದ ವಾರದ ತನಕ ಕಾರು ಓಡಿಸ್ತು ಅಂದ್ರೆ ನಾನು ನಂಬಲ್ಲ," ಅಂದ. "ಆದ್ರೆ ಓಡಿಸಿದೆ. ನೀರಲ್ಲಿ ಮುಳುಗಿಕೊಂಡೇ ಓಡಿಸಿದೆ. ಯಾವ್ಯಾವ ದಿನ ನಿಲ್ತಿತ್ತು?"

"ಭಾನುವಾರ, ಸೋಮವಾರ," ಅಂದಳು ಸೊಸೆ.

"ವಾರದ ಮಧ್ಯೆ ಚೆನ್ನಾಗಿರ್ತಿತ್ತು, ಅಲ್ವಾ? ಒಣಗ್ತಿತ್ತು. ಶನಿವಾರ ಏನು ಮಾಡ್ತಿದ್ರಿ ಇದಕ್ಕೆ?"

ಯಜಮಾನರ ನಗು ನಿಂತಿತು. ಎಲ್ಲರ ಕಣ್ಣೂ ಗಿಡದಮ್ಮನ ಮೇಲೆ ಬಂತು, ಸೊಸೆಯದೊಂದನ್ನು ಬಿಟ್ಟು. ಗಿಡದಮ್ಮನಿಗೆ ತಲೆ ಮೇಲೆ ತಣ್ಣೀರು ಹುಯ್ದಂತಾಯಿತು. ಪ್ರತಿ ಶನಿವಾರ ಒಂದು ಬಕೆಟ್. ರಬ್ಬರ್ ಚಾಪೆಯ ಮೇಲೆ ಬಿದ್ದದ್ದು ಅಂಚಿನಿಂದ ಇಳಿದು ಒಳಗೇ ಹೋಗಿದೆ. ಸಂತೆಯ ಮರುದಿನ ಮೊದಲು ಕಾರು ಹತ್ತುವವಳು ಸೊಸೆ. ನಿಂತದ್ದೆಲ್ಲ ಅವಳ ಕೈಯಲ್ಲೇ, ಬೈಸಿಕೊಂಡವಳೂ ಅವಳೇ. ಬುಧವಾರದ ಬೆಣ್ಣೆ ಯಜಮಾನರಿಗೆ.

ಸೊಸೆ ಕಾರ್ಪೆಟ್ಟನ್ನು ಎತ್ತಿ ಗೋಡೆಯ ಮೇಲೆ ಒಣಹಾಕಿ, ಕೈ ತೊಳೆದು, ಮಗುವನ್ನು ಕರೆದುಕೊಂಡು ಒಳಗೆ ಹೋದಳು. ಬೈದಿದ್ದರೆ ಗಿಡದಮ್ಮ ಎರಡು ಬೈದು ಹಗುರಾಗುತ್ತಿದ್ದಳು. ಕೈಗೆ ಸಿಕ್ಕಿದ ಕಲ್ಲನ್ನು ಎಸೆಯದೆ ಕೆಳಗಿಟ್ಟು ಹೋದವಳ ಮುಂದೆ ಏನು ಮಾಡುವುದು?

ಹೊಸ ಡಬ್ಬಿ ಸಿಗುವುದಿಲ್ಲ, ಇಂಥ ಕಾರು ಮಾಡುವುದನ್ನೇ ಬಿಟ್ಟು ಕಾಲವಾಗಿದೆ ಎಂದ ವೈರಣ್ಣ. ಗುಜರಿಯಲ್ಲಿ ಹುಡುಕಬೇಕು, ಡಬ್ಬಿಯ ಮೇಲಿನ ನಂಬರು ಒಂದಕ್ಷರ ತಪ್ಪದೆ ತಾಳೆಯಾಗಬೇಕು. ಗಿಡದಮ್ಮ ತಾನೇ ಬರುತ್ತೇನೆಂದು ಹಟ ಹಿಡಿದಳು. ಸಂತೆಯ ದುಡ್ಡಿನ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಗುಜರಿಯ ಕಾರುಗಳು ಒಂದರ ಮೇಲೊಂದು ಪೇರಿಸಿ ಮನೆಯೆತ್ತರ ನಿಂತಿದ್ದವು. ಇಷ್ಟೂ ಕಾರುಗಳ ಕಾಲ ಬುಡದಲ್ಲಿ ಒಂದೊಂದು ಡಬ್ಬಿ ಎಣಿಸುವುದನ್ನು ನಿಲ್ಲಿಸಿ ಕೂತಿದೆ ಎಂದುಕೊಂಡಾಗ ಅವಳು ತಾನಾಗಿಯೇ ಮೆಲ್ಲಗೆ ನಡೆದಳು, ಮಲಗಿದವರ ಮನೆಯಲ್ಲಿ ನಡೆಯುವ ಹಾಗೆ. ಎರಡು ಮಧ್ಯಾಹ್ನ ಹುಡುಕಿದ ಮೇಲೆ, ಹಿಂದಿನಿಂದ ಗುದ್ದಿಸಿಕೊಂಡ ಒಂದು ಕಾರಿನಲ್ಲಿ ನಂಬರು ತಾಳೆಯಾಯಿತು. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದಳು.

ಡಬ್ಬಿ ಜೋಡಿಸುವಾಗ ಮನೆಯವರೆಲ್ಲ ಅಂಗಳದಲ್ಲಿದ್ದರು. ಯಜಮಾನರು ಕೀ ತಿರುಗಿಸಿದರು. ಕಾರು ಭರ್ರೆಂದಿತು. ಮೊಮ್ಮಗಳು ಕುಣಿಯಿತು. ಮಗ "ಅಬ್ಬಾ" ಅನ್ನುವಷ್ಟರಲ್ಲಿ ನಿಂತುಹೋಯಿತು. ಮತ್ತೆ ತಿರುಗಿಸಿದರು, ಮತ್ತೆ ಎರಡು ಉಸಿರಿನಷ್ಟು ಹೊತ್ತು ಓಡಿ ನಿಂತಿತು. ಮುಂದಿನ ಫಲಕದಲ್ಲಿ ಕೀ ಆಕಾರದ ಒಂದು ಕೆಂಪು ದೀಪ ಕಣ್ಣು ಮಿಟುಕಿಸುತ್ತಿತ್ತು.

ವೈರಣ್ಣ ಹಣೆ ಚಚ್ಚಿಕೊಂಡ. "ಈ ಡಬ್ಬಿಗೆ ನಿಮ್ಮ ಕೀ ಪರಿಚಯ ಇಲ್ಲ. ಕೀ ಒಳಗೂ ಒಂದು ಗುರುತು ಇರುತ್ತೆ ಸಾರ್. ಆ ಗುರುತು ಹೊಂದಲಿಲ್ಲ ಅಂದ್ರೆ ಕಳ್ಳ ಬಂದಿದ್ದಾನೆ ಅನ್ಕೊಂಡು ನಿಲ್ಲಿಸಿಬಿಡುತ್ತೆ."

"ನನ್ನ ಕಾರಿಗೆ ನಾನೇ ಕಳ್ಳನೇನಯ್ಯ?" ಯಜಮಾನರಿಗೆ ನಿಜಕ್ಕೂ ಸಿಟ್ಟು ಬಂತು. "ಇಷ್ಟು ವರ್ಷ ಓಡಿಸಿದ್ದೀನಿ!"

"ಎಷ್ಟು ವರ್ಷ ಜೊತೇಲಿದ್ರೂ ಅಷ್ಟೇ ಮಾವ," ಅಂದಳು ಸೊಸೆ. "ನಂಬದೆ ಇದ್ರೆ ಹೀಗೇ ಅನ್ನಿಸೋದು."

ಆ ಮಾತು ಮಾವನಿಗೆ ಹೇಳಿದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಮಾವನಿಗೂ.

ಉಳಿದದ್ದು ಒಂದೇ ದಾರಿ. ಹಳೇ ಡಬ್ಬಿಯ ನೆನಪನ್ನು ಕಿತ್ತು ಹೊಸದಕ್ಕೆ ಕೂರಿಸುವುದು. ವೈರಣ್ಣನ ಅಂಗಡಿಯಲ್ಲಿ ಒಂದು ಮೇಜು, ಮೇಜಿನ ಮೇಲೆ ದೊಡ್ಡ ಭೂತಗನ್ನಡಿ, ಅದರ ಸುತ್ತ ದೀಪ. ಮರುದಿನ ಗಿಡದಮ್ಮ ಅವನ ಎದುರಿನ ಸ್ಟೂಲಿನ ಮೇಲೆ ಕೂತಿದ್ದಳು. ಹಳೇ ಡಬ್ಬಿಯೊಳಗಿನ ಹಲಗೆಯ ಒಂದು ಮೂಲೆಗೆ ಅವನು ಬೆರಳು ತೋರಿಸಿದ. ಎಲ್ಲ ಕಡೆ ಕಿಲುಬು ತಿಂದಿದ್ದರೂ ಆ ಮೂಲೆಯಲ್ಲಿ ವಾರ್ನಿಶ್ ಇನ್ನೂ ಹೊಳೆಯುತ್ತಿತ್ತು. ಅಲ್ಲಿ ಬೇಳೆಕಾಳಿನಷ್ಟು ಕರಿ ಚೂರೊಂದು, ಎಂಟು ಕಾಲೂರಿ ನಿಂತಿತ್ತು.

"ಇದೇನಾ ನೆನಪು?"

"ಇದೇ. ಕೀ ಗುರುತು, ಕಾರಿನ ಗುರುತು ಎಲ್ಲಾ ಇದರಲ್ಲೇ."

"ಇಷ್ಟರಲ್ಲಿ?"

"ಇಷ್ಟರಲ್ಲೇ. ಕರೆಂಟ್ ಇಲ್ದಿದ್ರೂ ಮರೆಯಲ್ಲ. ಇದೇನಾದ್ರೂ ಹೋಗಿದ್ರೆ ಕಾರು ಗುಜರಿಗೇ."

ಅವನು ಬಿಸಿಗಾಳಿ ಊದುವ ನಳಿಗೆ ಹಿಡಿದ. ಗಿಡದಮ್ಮ ಭೂತಗನ್ನಡಿಯಲ್ಲಿ ಕಣ್ಣಿಟ್ಟಳು. ಬೆಸುಗೆ ಒಮ್ಮೆಲೇ ಕರಗಿ ಇಬ್ಬನಿಯಂತೆ ಹೊಳೆಯಿತು. ಚಿಮುಟದ ತುದಿಯಲ್ಲಿ ಆ ಚೂರು ಎದ್ದು ಬಂತು. ಅದನ್ನು ಹೊಸ ಹಲಗೆಯ ಮೇಲೆ ಇಟ್ಟು, ಒಂದೊಂದು ಕಾಲನ್ನೂ ಒಂದೊಂದಾಗಿ ಊರಿಸಿದ. ಸಸಿ ಕಿತ್ತು ನಾಟಿ ಮಾಡಿಯೇ ಕೈ ಸವೆಸಿದವಳು ಅವಳು. ಆದರೂ ಇಂಥ ನಾಟಿ ಕಂಡಿರಲಿಲ್ಲ. ಉಸಿರು ಬಿಟ್ಟರೆ ಎಲ್ಲಿ ಹಾರಿಹೋಗುತ್ತದೋ ಎಂದು ಬಾಯಿಗೆ ಅಂಗೈ ಅಡ್ಡ ಹಿಡಿದೇ ಕೂತಿದ್ದಳು.

"ನೀರಲ್ಲಿ ಮುಳುಗಿದ್ರೂ ಮರೀಲಿಲ್ವಾ ಇದು?" ಎಂದು ಕೊನೆಗೆ ಕೇಳಿದಳು.

"ಮರೆತಿದ್ಯೋ ಇಲ್ವೋ, ಸ್ಟಾರ್ಟ್ ಮಾಡಿದ್ರೆ ಗೊತ್ತಾಗುತ್ತೆ ಅಮ್ಮ."

ಮರೆತಿರಲಿಲ್ಲ. ಆ ಸಂಜೆ ಕಾರು ಸ್ಟಾರ್ಟಾಗಿ ನಿಲ್ಲದೆ ಗುರುಗುಟ್ಟುತ್ತಲೇ ಇತ್ತು. ಕೆಂಪು ದೀಪ ಒಮ್ಮೆ ಹೊತ್ತಿ ಆರಿತು. ಯಜಮಾನರು ಬಾನೆಟ್ಟಿನ ಮೇಲೆ ಕಿವಿಯಿಟ್ಟು ಕಣ್ಣು ಮುಚ್ಚಿಕೊಂಡು, "ಎಣಿಸ್ತಿದೆ ಕಣೇ," ಅಂದರು. ಕಂಡಕ್ಟರನ ಮಾತು ಅವರು ಆಮೇಲೆ ಎತ್ತಲಿಲ್ಲ. ಗಿಡದಮ್ಮ ಬಾಗಿಲಲ್ಲಿ ನಿಂತು ಆ ಸದ್ದನ್ನು ಬಹಳ ಹೊತ್ತು ಕೇಳಿದಳು. ಜೀವಮಾನವಿಡೀ ಕೇಳಿದ ಸದ್ದೇ, ಇವತ್ತು ಮೈಮೇಲೆ ಮುಳ್ಳೇಳುವಂತಿತ್ತು.

ಆ ದಿನದ ಊಟಕ್ಕೆ ಅವಳು ಸೊಸೆಗೆ ಇಷ್ಟವೆಂದು ಆಲೂಗಡ್ಡೆ ಹುರಿದಿದ್ದಳು. ಬಡಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು: "ಕಾರಂತೂ ಸರಿಹೋಯ್ತು. ಇನ್ನು ರೂಮು ಗೀಮು ಎಲ್ಲ ಯಾಕೆ?"

"ಕಾರು ಸರಿಹೋಯ್ತು ಅತ್ತೆ," ಅಂದಳು ಸೊಸೆ. ಸ್ವರದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಾನು ಕಾರು ಕೆಟ್ಟಿದ್ದಕ್ಕೆ ಹೋಗ್ತೀನಿ ಅಂದಿದ್ದಲ್ಲ. ಬೇರು ಸಿಗದೇ ಇದ್ದಿದ್ರೆ? ಆಗ್ಲೂ ನಾನು ಸುಳ್ಳೀನೇ ಆಗಿರ್ತಿದ್ದೆ. ಆ ತಾತನ ಮಗಳು ಇವತ್ತಿಗೂ ಗಡಿಯಾರ ನೋಡ್ಕೊಂಡೇ ಬಾಗಿಲು ತೆಗೀತಾಳೆ."

"ಅಮ್ಮ ಅವತ್ತು ಏನೋ ಒಂದು ಮಾತು..." ಅಂದ ಮಗ.

"ನೀನು ಸುಮ್ನಿರೋ," ಅಂದಳು ಗಿಡದಮ್ಮ. "ನೀನು ಅವತ್ತು ಸುಮ್ನಿದ್ದಿದ್ದಕ್ಕೇ ಅರ್ಧ ಹೀಗಾಗಿದ್ದು." ಬೈದದ್ದು ಮಗನನ್ನಾದರೂ ಕಣ್ಣು ತುಂಬಿಕೊಂಡದ್ದು ಅವಳದು. ಹುರಿದ ಆಲೂಗಡ್ಡೆ ತಣ್ಣಗಾಯಿತು.

ಮರುದಿನ ಇನ್ನೂ ಬೆಳಕು ಹರಿಯುತ್ತಿರುವಾಗ ಸೊಸೆ ಹೊರಬಂದರೆ ಕಾರಿನ ಪಕ್ಕದ ಸೀಟಿನಲ್ಲಿ ಅತ್ತೆ ಕೂತಿದ್ದಳು. ಚೊಕ್ಕಟ ಬಟ್ಟೆ, ಬಾಚಿದ ತಲೆ.

"ಎಲ್ಲಿಗೆ ಅತ್ತೆ?"

"ಆ ತಾತನ ಮನೆಗೆ. ನಡಿ."

ಸೊಸೆ ಚೀಲವನ್ನು ಹಿಂದಿನ ಸೀಟಿಗೆ ಹಾಕಿ ಕೀ ತಿರುಗಿಸಿದಳು. ಕಾರು ಹೊರಟಿತು. ಗಿಡದಮ್ಮ ಅವಳ ಪಾದಗಳನ್ನು ನೋಡುತ್ತಿದ್ದಳು. ಕ್ಲಚ್ಚಿನ ಮೇಲೆ ಕಾಲು ಇಟ್ಟುಕೊಂಡೇ ಓಡಿಸುತ್ತಾಳೆ ಎಂದು ಈ ವಾರಗಳಲ್ಲಿ ತಾನೇ ಬೀದಿಗೆಲ್ಲ ಹೇಳಿದ್ದಳಲ್ಲ, ಕಾಲು ಅಲ್ಲಿ ಇರಲೇ ಇಲ್ಲ. ಗೇರು ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ. ಸೇತುವೆ ಬಂದಾಗ ಮಾತ್ರ ಸೊಸೆಯ ಬೆರಳುಗಳು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದವು, ಗೆಣ್ಣುಗಳು ಬೆಳ್ಳಗಾದವು. ಇಷ್ಟು ವಾರ ಹೀಗೇ ಒಬ್ಬಳೇ ದಾಟಿದ್ದಾಳೆ ಎಂಬುದು ಆಗ ಗಿಡದಮ್ಮನಿಗೆ ಹೊಳೆಯಿತು.

ತಾತನ ಮಗಳು ಕಾಲಿಗೆ ಬೂಟು ಹಾಕಿಕೊಳ್ಳುತ್ತಲೇ ಬಾಗಿಲು ತೆಗೆದಳು.

"ನಾನು ಇವಳ ಅತ್ತೆ," ಅಂದಳು ಗಿಡದಮ್ಮ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಅವತ್ತು ನಿಮ್ಮ ತಂದೆ ಬಿದ್ದಾಗ ಇವಳು ತಡ ಮಾಡಿದ್ದಲ್ಲ. ಕಾರು ನಿಂತಿತ್ತು. ನಿಲ್ಲೋ ಹಾಗೆ ಮಾಡಿದ್ದು ನಾನು, ಸಸಿಗೆ ಅಂತ ಅದರೊಳಗೆ ನೀರು ಹುಯ್ದು ಹುಯ್ದು. ಇವಳು ನಿಜಾನೇ ಹೇಳಿದ್ಲು. ಸುಳ್ಳು ಅಂದಿದ್ದೂ ನಾನೇ. ನನ್ನನ್ನ ಏನು ಬೇಕಾದ್ರೂ ಅನ್ನಿ, ಇವಳನ್ನ ಮಾತ್ರ ಬದಲಾಯಿಸಬೇಡಿ."

ಮಗಳು ಇಬ್ಬರನ್ನೂ ನೋಡಿದಳು. ಒಂದು ಬೂಟಿನ ದಾರ ಇನ್ನೂ ಕಟ್ಟಿರಲಿಲ್ಲ. "ಬದಲಾಯಿಸೋ ಯೋಚನೆ ಬಿಟ್ಟು ಎಷ್ಟೋ ದಿನ ಆಯ್ತು," ಅಂದಳು. "ಇನ್ಯಾರಾದ್ರೂ ಮುಟ್ಟಿದ್ರೆ ಅಪ್ಪ ಕಚ್ಚೋಕೆ ಬರ್ತಾರೆ. ನೀವು ಬಂದಿದ್ದು ಒಳ್ಳೇದೇ ಆಯ್ತು, ಇವತ್ತು ಸ್ನಾನ. ಒಂದು ಕೈ ಜಾಸ್ತಿ ಇದ್ರೆ ಅನುಕೂಲ." ದಾರ ಕಟ್ಟಿ, ಕೆಲಸಕ್ಕೆ ಹೊರಟೇಹೋದಳು.

ತಾತ ಬಾಗಿಲಿನ ಚೌಕಟ್ಟಿನಷ್ಟು ದೊಡ್ಡ ಆಳು. ಸೊಸೆ ಅವನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಅವಳು ಮಂಚದ ಅಂಚಿಗೆ ಅವನನ್ನು ಕೂರಿಸಿ, ತನ್ನ ಪಾದಗಳಿಂದ ಅವನ ಪಾದಗಳನ್ನು ತಡೆದು, ಮಂಡಿಗೆ ಮಂಡಿ ಕೊಟ್ಟು, ಬೆನ್ನ ಹಿಂದೆ ಕೈ ಹೆಣೆದು ಕಿವಿಯಲ್ಲಿ "ಈಗ" ಅಂದಳು. ಆ ದೊಡ್ಡ ಮೈ ಎದ್ದು ನಿಂತಿತು. ಎಳೆದದ್ದೂ ಕಾಣಲಿಲ್ಲ, ಎತ್ತಿದ್ದೂ ಕಾಣಲಿಲ್ಲ. ಗಿಡದಮ್ಮ ಕಣ್ಣು ಕಣ್ಣು ಬಿಟ್ಟಳು. ಸಂಜೆ ಒಲೆ ಕಟ್ಟೆಗೆ ಒರಗಿ ನಗುತ್ತ ಕಥೆ ಹೇಳುತ್ತಿದ್ದವಳು ಹಗಲೆಲ್ಲ ಮಾಡುತ್ತಿದ್ದುದು ಇದನ್ನು. ಇವಳು ಈ ಕೆಲಸ ಹಿಡಿದು ವರ್ಷವಾಗುತ್ತ ಬಂದರೂ, ಒಂದೇ ಸೂರಿನಡಿ ಇದ್ದೂ ಇದು ತನಗೆ ಗೊತ್ತಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಗಿಂತ ಬೆರಗೇ ಹೆಚ್ಚಾಯಿತು.

"ಅತ್ತೆ, ಆ ಕಡೆ ಬನ್ನಿ. ಭುಜದ ಕೆಳಗೆ ಹಿಡೀರಿ. ಅಲ್ಲಲ್ಲ, ಬೆರಳಲ್ಲಿ ಅಲ್ಲ, ಅಂಗೈಲಿ. ಹಾಂ, ಹಾಗೆ."

ಜೀವಮಾನದಲ್ಲಿ ಯಾರ ಮಾತೂ ಕೇಳದವಳು ಹೇಳಿದಂತೆ ಹಿಡಿದಳು. ಬಚ್ಚಲಿನಲ್ಲಿ ತಾತನನ್ನು ಕುರ್ಚಿಯ ಮೇಲೆ ಕೂರಿಸಿದರು. ಸೊಸೆ ಬಿಸಿನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ, ಮಗ್ಗನ್ನು ಅತ್ತೆಯ ಕೈಗೆ ಕೊಟ್ಟಳು. ತಾನು ಅವನ ಬೆನ್ನಿಗೆ ಸೋಪು ಹಚ್ಚತೊಡಗಿದಳು, ಬಿದ್ದಾಗ ಆದ ಗಾಯದ ಹಳದಿ ಕಲೆಯನ್ನು ಬಳಸಿಕೊಂಡು, ಮೆಲ್ಲಗೆ.

ತಾತ ಕತ್ತು ತಿರುಗಿಸಿ ಹೊಸ ಮುಖವನ್ನು ಅನುಮಾನದಿಂದ ನೋಡಿದ. "ಯಾರಮ್ಮ ಇವಳು?"

"ನಮ್ಮತ್ತೆ, ತಾತ."

"ಎಲ್ಲಿರ್ತಾಳೆ?"

ಸೊಸೆಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಸೋಪು ಹಚ್ಚಿತು. "ನಾವೆಲ್ಲ ಒಂದೇ ಮನೇಲಿ ಇರೋದು ತಾತ. ಒಟ್ಟಿಗೇ."

ಗಿಡದಮ್ಮ ತುಂಬಿದ ಮಗ್ಗು ಹಿಡಿದುಕೊಂಡು ಹಾಗೇ ನಿಂತಿದ್ದಳು.

"ನೀರು ಆರ್ತಿದೆ ಅತ್ತೆ," ಅಂದಳು ಸೊಸೆ. "ಹುಯ್ಯಿರಿ."

ಅವಳು ಹುಯ್ದಳು.